ಯೆಣೆಗೂರಿನಲ್ಲಿ ಕಟ್ಟಿದ ಆಡು

"ಆಡಿಗೂ ಟಿಕೆಟ್ ತೆಗಿ ಅಂತ ಕಂಡಕ್ಟರ್ ಹಟಾ ಹಿಡದಾನ. ಈಗೇನ್ ಮಾಡೂಣು?" ಕಾಜಲ ಪೆನ್ಸಿಲ್ ತುದಿ ಕಚ್ಚುತ್ತ ಕೇಳಿದಳು.

"ಆಡಿಗೆ ಹಾಫ್ ಟಿಕೆಟ್ ಇರತದೇನ?" ವೈಷ್ಣವಿ ಕಿಸಕ್ಕನೆ ನಕ್ಕಳು.

ಶಾಲೆಯ ಹಿಂದಿನ ಬೇವಿನ ಕಟ್ಟೆಯ ಮೇಲೆ ಕೂತು ಗೆಳತಿಯರಿಬ್ಬರೂ ಕಾದಂಬರಿ ಬರೆಯುತ್ತಿದ್ದರು. ಒಂದು ಅಧ್ಯಾಯ ಕಾಜಲಳದು, ಮುಂದಿನದು ವೈಷ್ಣವಿಯದು. ಕತೆಯೊಳಗಿನ ಗಂಗಿ ಎಂಬ ಹುಡುಗಿ ಬಿಸ್ಕಿಟ್ ಎಂಬ ತನ್ನ ಆಡಿನ ಜೊತೆ ಗುಂಜೋಟಿಯಿಂದ ಸಮುದ್ರ ನೋಡಲು ಹೊರಟಿದ್ದಳು. ಬರೆಯುವವರಿಬ್ಬರೂ ಸಮುದ್ರ ಕಂಡವರಲ್ಲ. ಅದಕ್ಕೇನಂತೆ, ಗಂಗಿಯೂ ಕಂಡಿರಲಿಲ್ಲ.

ಕಾಜಲ ಯೋಚಿಸಿ ಬರೆದಳು: 'ಗಂಗಿ ಯೆಣೆಗೂರಿನ ಢಾಬಾದ ಹಿಂದೆ ಬಿಸ್ಕಿಟನ್ನು ಕಟ್ಟಿದಳು. ಇಲ್ಲೇ ಇರು, ಬೇಗ ಬರುತ್ತೇನೆ ಎಂದು ಅದರ ಕಿವಿಯಲ್ಲಿ ಹೇಳಿ ಬಸ್ ಹತ್ತಿದಳು.'

"ದೀಪಾವಳಿತನಕ ಟೈಮ್ ಅದ. ದೊಡ್ಡ ಕಾದಂಬರಿ ಆಗತದ ನೋಡು" ಅಂದಳು.

ದೀಪಾವಳಿ ಮುಗಿದ ಮೇಲೆ ಕಾಜಲಳ ಮನೆಯವರು ಕಬ್ಬು ಕಡಿಯಲು ಹೋಗುತ್ತಾರೆ. ಪ್ರತಿ ವರ್ಷವೂ ಹಾಗೆಯೇ. ಟ್ರ್ಯಾಕ್ಟರ್ ತುಂಬ ಪಾತ್ರೆ, ಹಾಸಿಗೆ, ಕೋಳಿ, ಮಕ್ಕಳು. ಸಕ್ಕರೆ ಕಾರ್ಖಾನೆ ನಿಲ್ಲುವವರೆಗೂ ಯಾರದೋ ಹೊಲದ ಬದಿಯ ಗುಡಿಸಲೇ ಮನೆ. ಶಾಲೆಯಲ್ಲಿ ವೈಷ್ಣವಿಯ ಬೆಂಚು ಅರ್ಧ ಖಾಲಿ.

ಆದರೆ ಅಂದು ಸಂಜೆ ಕಾಜಲ ಓಡುತ್ತ ಬಂದಳು.

"ವೈಷು, ಕಬ್ಬಿಗಿ ಕೂಲಿ ಕರಕೊಂಡು ಹೋಗೂ ಮುಕಾದಮನ ಫೋನ್ ಬಂದದ. ಕಾರ್ಖಾನಿ ಲಗೂನೇ ಚಾಲೂ ಆಗತದಂತ. ನಾಡದ ಮುಂಜಾನೆ ಹೋಗೂದು!"

"ಮತ್ತ ಕಾದಂಬರಿ?"

"ನನಗ ಬರಿಲಿಕ್ಕಿ ಎಲ್ಲಿ ಆಗತದ? ಸಾಮಾನ ಕಟ್ಟೂದದ. ಅವ್ವ ಹೊಟ್ಟಿಲೆ ಇದ್ದಾಳ, ಭಾರ ಎತ್ತಬಾರದು. ಈ ಸಲ ಕಬ್ಬಿನ ಹೊರಿ ನೀನೇ ಕಟ್ಟಬೇಕು ಅಂದಾನ ಅಪ್ಪ."

"ಹೊಳ್ಳಿ ಬಂದ ಮ್ಯಾಲ ಸಾಲಿಗಿ ಬರತಿ ಇಲ್ಲ?"

ಕಾಜಲ ಕಾಲ್ಬೆರಳಿನಿಂದ ಮಣ್ಣು ಗೀರಿದಳು. "ಪಾಪು ಹಿಡೀಲಿಕ್ಕಿ ಯಾರರೆ ಬೇಕಲ್ಲ" ಅಂದಳು.

ಮರುದಿನ ವೈಷ್ಣವಿ ವಿಜಯಶ್ರೀ ಟೀಚರ್ ಹತ್ತಿರ ಹೋದಳು. "ಟೀಚರ್, ಒಂದೇ ದಿನದಾಗ ಕಾದಂಬರಿ ಹ್ಯಾಂಗ್ ಮುಗಸಬೇಕ್ರೀ?"

"ಬರಕೋತ ಹೋಗು. ಹಿಂದ ಹೊಳ್ಳಿ ನೋಡಬ್ಯಾಡ. ತಪ್ಪು ಆಮ್ಯಾಲ ತಿದ್ದೂಣು" ಅಂದರು ಟೀಚರ್.

ವೈಷ್ಣವಿ ಹಿಂದೆ ನೋಡಲೇ ಇಲ್ಲ. ಊಟದ ಬಿಡುವಿನಲ್ಲಿ ಬರೆದಳು, ಒಲೆಯ ಮುಂದೆ ಕೂತು ಬರೆದಳು. ಒಂದು ಸಾಲಿನಲ್ಲಿ ಬಂದ ಕಳ್ಳರು ಮುಂದಿನ ಸಾಲಿನಲ್ಲೇ ಸಿಕ್ಕಿಬಿದ್ದರು. ಬಸ್ಸು ಎರಡು ನದಿಗಳನ್ನು ಒಂದೇ ಉಸಿರಿಗೆ ದಾಟಿತು.

"ಏ ವೈಷು, ರೊಟ್ಟಿ ಹೊತ್ತಲಿಕತ್ತದ! ನಿಮ್ಮ ಗಂಗಿ ಬಂದು ಹೊಳ್ಳಿಸತಾಳೇನ?" ಅವ್ವ ಬೈದಳು.

ಕಡೆಗೂ ಗಂಗಿ ಸಮುದ್ರಕ್ಕೆ ಕಾಲಿಟ್ಟಳು. ಪೆನ್ಸಿಲಿನಿಂದ ದೊಡ್ಡದಾಗಿ 'ಮುಗಿಯಿತು' ಎಂದು ಬರೆದು, ವೈಷ್ಣವಿ ಅದರ ಸುತ್ತ ಸ್ಕೆಚ್ ಪೆನ್ನಿನಿಂದ ಹೂ ಬಿಡಿಸಿದಳು. ಕಾಜಲ ಎಷ್ಟು ಖುಷಿ ಪಡುತ್ತಾಳೆ!

ಹೊರಡುವ ದಿನ ಕಾಜಲ ಟ್ರ್ಯಾಕ್ಟರಿನಲ್ಲಿ ಗಂಟುಮೂಟೆಗಳ ಮೇಲೆ ಕೂತು ಓದಿದಳು. ಓದಿ ಮುಗಿಸಿ ಹಿಂದಿನ ಹಾಳೆಗಳನ್ನು ತಿರುವಿದಳು. ಮತ್ತೆ ಮುಂದಿನವನ್ನು.

"ವೈಷು, ಬಿಸ್ಕಿಟ್ ಎಲ್ಲದ?"

ವೈಷ್ಣವಿ ನಾಲಿಗೆ ಕಚ್ಚಿಕೊಂಡಳು. "ಅಯ್ಯ... ಯೆಣೆಗೂರಾಗೇ ಅದ. ಮರತೇ ಬಿಟ್ಟೆ!"

ಕಾಜಲಳಿಗೆ ನಗು ಬಂತು. "ಪಾಪ, ಬಸ್ ಬಂದಾಗೊಮ್ಮೆ ಕಿವಿ ನಿಗರಸತಿರಬೇಕು." ಹಾಗೆನ್ನುತ್ತಲೇ ಅವಳ ನಗು ನಿಂತುಹೋಯಿತು.

"ತಾ ಇಲ್ಲಿ. ಗಂಗಿ ಹೋಗಿ ಬಿಚ್ಚಿದಳು ಅಂತ ಬರೀತೀನಿ. ಒಂದೇ ಸಾಲು."

ಕಾಜಲ ನೋಟ್‌ಬುಕ್ ಎದೆಗೆ ಅವಚಿಕೊಂಡಳು. "ಬ್ಯಾಡ. ಕಟ್ಟಿದಾಕಿ ನಾ. ನಾನೇ ಬಂದು ಬಿಚ್ಚತೀನಿ."

"ಗಟ್ಟಿ ಹಿಡಕೋ ಕಾಜಲ!" ಎಂದು ಅವಳಪ್ಪ ಕೂಗಿದ. ಟ್ರ್ಯಾಕ್ಟರ್ ಗುಡುಗಿತು.

ಕಾಜಲ ಬಗ್ಗಿ ನೋಟ್‌ಬುಕ್ಕನ್ನು ವೈಷ್ಣವಿಯ ಕೈಗಿಟ್ಟಳು. "ನೀನೇ ಇಟಗೋ. ಅಲ್ಲಿ ಗುಡಸಲಾ ಸೋರತದ, ತೊಯ್ತದ."

ಅವಳು ಹಗ್ಗ ಹಿಡಿದುಕೊಂಡಳು. ಟ್ರ್ಯಾಕ್ಟರ್ ಮುರುಮ ಊರಿನ ರಸ್ತೆಗೆ ತಿರುಗಿತು. ಧೂಳಿನಲ್ಲಿ ಕೋಳಿಯ ಕೂಗೊಂದು ತುಸು ಹೊತ್ತು ಕೇಳಿಸಿತು.

ಶಾಲೆಯಲ್ಲಿ ವೈಷ್ಣವಿ ಬೆಂಚಿನ ತನ್ನ ಅರ್ಧದಲ್ಲೇ ಕೂತಳು. ರಬ್ಬರ್ ತೆಗೆದುಕೊಂಡು 'ಮುಗಿಯಿತು' ಎಂಬುದನ್ನು ಉಜ್ಜಿದಳು. ಸ್ಕೆಚ್ ಪೆನ್ನಿನ ಹೂಗಳು ಹೋಗಲಿಲ್ಲ. ಅವುಗಳ ನಡುವೆ ಖಾಲಿ ಜಾಗ ಉಳಿಯಿತು.

ಆ ಜಾಗವನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಸಣ್ಣ ಅಕ್ಷರದಲ್ಲಿ, ಅವಸರವಿಲ್ಲದೆ ಬರೆದಳು:

'ಢಾಬಾದವರು ಬಿಸ್ಕಿಟ್‌ಗೆ ದಿನಾ ಮೇವು ಹಾಕುತ್ತಿದ್ದರು. ಬಕೆಟ್ಟಿನಲ್ಲಿ ನೀರು ಇಡುತ್ತಿದ್ದರು. ಹಗ್ಗ ಮಾತ್ರ ಯಾರೂ ಬಿಚ್ಚಲಿಲ್ಲ.'