ಮೇ ಒಂದರ ಕಬ್ಬು

1993ರ ಫೆಬ್ರುವರಿ 24, ಬುಧವಾರ. ಬೆಳಿಗ್ಗೆ ಏಳಕ್ಕೆ ಕೊಟ್ರಬಸಮ್ಮ ಕಂಪ್ಲಿ ಠಾಣೆಯ ಮೆಟ್ಟಿಲು ಹತ್ತಿದಳು. ಗಂಡ ತೀರಿದ ಮೇಲೆ ಕಾಲುವೆ ಕೆಳಗಿನ ಹೊಲವನ್ನು ಒಬ್ಬಳೇ ನಡೆಸಿಕೊಂಡು ಬಂದ ಹೆಂಗಸು. ಸೆರಗಿಗೆ ಬೂದಿ ಮೆತ್ತಿತ್ತು.

"ರಾತ್ರಿ ನನ್ನ ಕಬ್ಬಿಗೆ ಬೆಂಕಿ ಹಚ್ಯಾರ್ರಿ."

"ಯಾರು?" ಸಬ್ ಇನ್‌ಸ್ಪೆಕ್ಟರ್ ಮರಿಸ್ವಾಮಿ ಕೇಳಿದರು.

"ಪಕ್ಕದ ಹೊಲದ ಜಡೆಪ್ಪ. ಬರ್ಕೊಳ್ರಿ."

ಪ್ರಶ್ನೆ ಕೇಳಿ ಸುಮ್ಮನೆ ಕೂರುವುದು ಮರಿಸ್ವಾಮಿಯವರ ರೂಢಿ. ಆ ಮೌನ ತಡೆಯಲಾರದೆ ಜನ ತಾವಾಗಿಯೇ ಇನ್ನಷ್ಟು ಹೇಳುತ್ತಿದ್ದರು. ಕೊಟ್ರಬಸಮ್ಮ ಹೇಳಲಿಲ್ಲ. ಬೆಂಕಿ ಹಚ್ಚಿ ಹಾನಿ ಮಾಡಿದ್ದಕ್ಕೆ ಕಲಂ 435ರಡಿ ಎಫ್‌ಐಆರ್ ದಾಖಲಾಯಿತು.

ಒಂಬತ್ತಕ್ಕೆ ಸ್ಥಳ ಪಂಚನಾಮೆ. ಕಬ್ಬಿನ ಗಳಗಳು ಕರ್ರಗೆ ನಿಂತಿದ್ದವು. ಗಾಳಿ ತಿರುಗಿ ಜಡೆಪ್ಪನ ಮೇವಿನ ಬಣವೆಯೂ ಸುಟ್ಟಿತ್ತು. ಪಡುವಲಲ್ಲಿ ಕೊಟ್ರಬಸಮ್ಮನದೇ ಬಾಳೆ. ಆ ಬದುವಿನುದ್ದಕ್ಕೂ ರವದಿಯನ್ನು, ಅಂದರೆ ಉದುರಿದ ಕಬ್ಬಿನ ಒಣ ಎಲೆಗಳನ್ನು, ಗುಡಿಸಿ ತೆಗೆಯಲಾಗಿತ್ತು. ಮರಿಸ್ವಾಮಿ ಅದನ್ನೂ ಬರೆಸಿದರು. ಆಗ ಅದರ ಬಗ್ಗೆ ಯೋಚಿಸಲಿಲ್ಲ.

ಮಧ್ಯಾಹ್ನ ಜಡೆಪ್ಪನನ್ನು ದಸ್ತಗಿರಿ ಮಾಡಿ ಠಾಣೆಗೆ ತಂದರು.

"ಹಚ್ಚೋದು ಹಚ್ಚಿದಿ, ಗಾಳಿ ಯಾವ ಕಡಿಗೆ ಬೀಸ್ತೈತಿ ನೋಡಬಾರ್ದೇನಲೇ?" ಹೆಡ್ ಕಾನ್‌ಸ್ಟೇಬಲ್ ಎರ್ರಿಯಪ್ಪ ಕೆಣಕಿದ.

"ನನ್ನ ಬಣವಿ ನಾನೇ ಸುಡಾಕ ನನಗೇನು ಹುಚ್ಚೇನ್ರಿ?"

"ಹಂಗಾದ್ರ ಆಕಿ ನಿನ್ನ ಹೆಸರೇ ಯಾಕ ಹೇಳ್ತಾಳ?" ಮರಿಸ್ವಾಮಿ ಕೇಳಿದರು.

"ಗೊತ್ತಿಲ್ರಿ. ಹೋದ ತಿಂಗಳು ನನ್ನ ಕಬ್ಬು ಫ್ಯಾಕ್ಟ್ರಿಗೆ ಹೋತು. ಆವತ್ತಿಂದ ಅಕ್ಕ ಮಾತು ಬಿಟ್ಟಾಳ." ಅವನು ತಲೆ ತಗ್ಗಿಸಿದ. "ಸೋಮವಾರ ಗಾದಿಗನೂರಿನವರು ಮಗಳನ್ನ ನೋಡಾಕ ಬರ್ತಾರ್ರಿ. ಅಪ್ಪ ಜೈಲಿನ್ಯಾಗಿದ್ರ ಯಾರು ಬರ್ತಾರ?"

ಮರುದಿನ ಮಧ್ಯಾಹ್ನದೊಳಗೆ ಅವನನ್ನು ಹೊಸಪೇಟೆ ಕೋರ್ಟಿಗೆ ಒಪ್ಪಿಸಬೇಕಿತ್ತು.

ಸಂಜೆ ಮರಿಸ್ವಾಮಿ ಮತ್ತೆ ಹೊಲಕ್ಕೆ ಹೋದರು. ಸಕ್ಕರೆ ಕಾರ್ಖಾನೆಯ ಗ್ಯಾಂಗಿನವರು ಆಗಲೇ ಕಡಿಯುತ್ತಿದ್ದರು.

"ಇಷ್ಟು ಜಲ್ದಿ ಬಂದ್ರಲ್ಲ?"

"ಸುಟ್ಟ ಕಬ್ಬು ತಡಿಯಂಗಿಲ್ರಿ," ಗ್ಯಾಂಗಿನ ಮುಖ್ಯಸ್ಥ ಹೇಳಿದ. "ಪಾಳಿ ಬರ್ಲಿ ಬಿಡ್ಲಿ, ಮೊದಲು ಅದನ್ನ ಕಡೀಬೇಕು."

ಮರಿಸ್ವಾಮಿ ಪಡುವಣ ಬದುವಿನ ಕಡೆ ನೋಡುತ್ತ ನಿಂತರು. ದ್ವೇಷಕ್ಕೆ ಬೆಂಕಿ ಇಡುವವನು ಬಾಳೆ ಉಳಿಯಲೆಂದು ರವದಿ ಗುಡಿಸುವುದಿಲ್ಲ.

ಗುರುವಾರ ಬೆಳಿಗ್ಗೆ ಎರ್ರಿಯಪ್ಪನೊಂದಿಗೆ ಕಾರ್ಖಾನೆಗೆ ಹೋದರು. ಕಟಾವಿನ ಪಾಳಿ ಗೊತ್ತುಮಾಡುವ ಕಂಪ್ಯೂಟರಿನ ಮುಂದೆ ಆಪರೇಟರ್ ಪಂಪಣ್ಣ ಕೂತಿದ್ದ.

"ಪಾಳಿ ಹೆಂಗ ಕೊಡ್ತೀರಿ?"

"ನಾಟಿಯಾಗಿ ವರ್ಷ ತುಂಬಿದಂಗ ಸರ್. ಜಡೆಪ್ಪಂದು ನಾಟಿ ಜನವರಿ ಹದಿನೈದು. ಕೊಟ್ರಬಸಮ್ಮಂದು ಮೇ ಒಂದು."

"ಸಾಹೇಬ್ರ, ಊರಾಗ ವಿಚಾರಿಸೀನಿ," ಎರ್ರಿಯಪ್ಪ ಹೇಳಿದ. "ಎರಡೂ ಹೊಲಕ್ಕ ಕಬ್ಬು ಹಚ್ಚಿದ್ದು ಒಂದೇ ಆಳುಗಳು. ಮೊದಲು ಆಕೀದು, ಆಮೇಲೆ ಇವಂದು."

"ಕಂಪ್ಯೂಟರ್ ತಪ್ಪು ಮಾಡಂಗಿಲ್ಲ ಸರ್."

ಉಳಿದ ರೈತರ ತಾರೀಖುಗಳನ್ನೂ ತೋರಿಸು ಎಂದರು ಮರಿಸ್ವಾಮಿ. ಪರದೆಯ ಮೇಲೆ ಹೆಸರುಗಳು ಸರಿಯತೊಡಗಿದವು. ಡಿಸೆಂಬರ್ ಕೊನೆ, ಜನವರಿ, ನಡುನಡುವೆ ಜುಲೈ, ಆಗಸ್ಟ್.

"ಆಗಸ್ಟ್‌ನಾಗ ಭತ್ತ ಬಿಟ್ಟು ಕಬ್ಬು ಹಚ್ಚೋರು ಯಾರಲೇ?" ಎರ್ರಿಯಪ್ಪ ನಕ್ಕ. "ನಿನ್ನ ಪೆಟ್ಟಿಗಿ ಎಂದಾದ್ರೂ ಹೊಲ ಕಂಡೈತೇನು?"

ಪಂಪಣ್ಣ ಪರದೆಯ ಹತ್ತಿರಕ್ಕೆ ಬಾಗಿ ನೋಡಿದ. ಆಗಸ್ಟಿನ ತಾರೀಖುಗಳೆಲ್ಲ ಒಂದೇ ದಿನದವು, ಆಗಸ್ಟ್ ಒಂದು. ಜುಲೈಯದೂ ಹಾಗೆಯೇ, ಜುಲೈ ಒಂದು. ತಪ್ಪು ಎಲ್ಲಿ ಆಗಿದೆಯೆಂದು ಅವನಿಗೆ ಹೊಳೆಯಿತು.

ದೀಪಾವಳಿ ಹೊತ್ತಿಗೆ ಹಳೆಯ ಯಂತ್ರದ ದಾಖಲೆಗಳನ್ನು ಹೊಸದಕ್ಕೆ ವರ್ಗಾಯಿಸಿದ್ದರು. ಹಳೆಯದರಲ್ಲಿ ಮೊದಲು ದಿನ, ಆಮೇಲೆ ತಿಂಗಳು. ಹೊಸದು ಮೊದಲ ಅಂಕಿಯನ್ನೇ ತಿಂಗಳೆಂದು ಓದಿಕೊಂಡಿತ್ತು. ಹದಿನೈದನೆಯ ತಿಂಗಳೆಂಬುದು ಇಲ್ಲವಾದ್ದರಿಂದ ಜಡೆಪ್ಪನ ತಾರೀಖನ್ನು ಅದು ಒಪ್ಪಲಿಲ್ಲ. ಕೊಟ್ರಬಸಮ್ಮನ 5-1ನ್ನು, ಅಂದರೆ ಜನವರಿ ಐದನ್ನು, ಮಾತ್ರ ಮೇ ಒಂದು ಎಂದು ಒಪ್ಪಿಕೊಂಡಿತ್ತು.

"ಅದು ತಕರಾರು ಮಾಡಿದ್ದನ್ನೆಲ್ಲ ನಾನೇ ಕೈಯಿಂದ ಸರಿ ಮಾಡಿದೆ ಸರ್. ಸುಮ್ನೆ ಒಪ್ಪಿಕೊಂಡಿದ್ದನ್ನ ನೋಡಲೇ ಇಲ್ಲ."

"ಆಕಿ ಬಂದು ಕೇಳಲಿಲ್ಲೇನು?"

"ಐದಾರು ಸಲ ಬಂದಿದ್ಲು. ಕಂಪ್ಯೂಟರ್‌ನಾಗ ಹಿಂಗೇ ಐತಿ ಅಂತ ಕಳಿಸಿದೆ."

ಹನ್ನೊಂದರ ಹೊತ್ತಿಗೆ ಮರಿಸ್ವಾಮಿ, ಎರ್ರಿಯಪ್ಪ ಇಬ್ಬರೂ ಕೊಟ್ರಬಸಮ್ಮನ ಅಂಗಳದಲ್ಲಿದ್ದರು. ಜೊತೆಗೆ ಹೊಸಪೇಟೆಯಿಂದ ಕರೆಸಿದ ಮಹಿಳಾ ಕಾನ್‌ಸ್ಟೇಬಲ್.

"ಬಾಳೆ ಕಡೆ ರವದಿ ಗುಡಿಸಿದ್ದು ಯಾರಮ್ಮ?"

ಮರಿಸ್ವಾಮಿ ಕಾದರು. ಕೊಟ್ಟಿಗೆಯಲ್ಲಿ ಎಮ್ಮೆ ಮೈಕೊಡವಿತು.

"ನಾನೇ," ಎಂದಳು ಕೊನೆಗೆ. "ಏಪ್ರಿಲ್‌ನಾಗ ಕಾಲುವಿ ಬಂದ್ ಮಾಡ್ತಾರ. ಮೇ ತನಕ ನಿಂತ್ರ ಕಬ್ಬು ಒಣಗಿ ಕಟಗಿ ಆಕ್ಕಿತ್ರಿ. ಸುಟ್ರ ಮೊದಲು ಕಡೀತಾರಂತ ನಾನೇ ಬೆಂಕಿ ಹಚ್ಚಿದೆ."

"ಜಡೆಪ್ಪನ್ನ ಯಾಕ ಎಳದಿ?"

"ನನಗಿಂತ ಹಿಂದ ಹಚ್ಚಿದವ ಮುಂದ ಹೆಂಗ ಕಡಸ್ತಾನ? ರೊಕ್ಕ ತಿನ್ನಿಸಿ ನನ್ನ ಪಾಳಿ ತಗೊಂಡಾನ."

ಮರಿಸ್ವಾಮಿ ಕಾರ್ಖಾನೆಯಲ್ಲಿ ಕಂಡದ್ದನ್ನು ಬಿಡಿಸಿ ಹೇಳಿದರು. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

"ಹಂಗಾದ್ರ ಅವ ರೊಕ್ಕ ಕೊಟ್ಟಿಲ್ಲೇನ್ರಿ?"

"ಯಾರೂ ಯಾರಿಗೂ ಕೊಟ್ಟಿಲ್ಲಮ್ಮ."

ದಸ್ತಗಿರಿಯಾಯಿತು. ಕಬ್ಬು ಅವಳದೇ ಆದರೂ ಜಡೆಪ್ಪನ ಬಣವೆ ಸುಟ್ಟಿದ್ದರಿಂದ ಕಲಂ ಅದೇ ಉಳಿಯಿತು. ಸುಳ್ಳು ದೂರಿನ ವಿಷಯವನ್ನು ಕೋರ್ಟಿಗೆ ಬರೆದರು. ಪ್ರೇರಣೆ ಎಂಬಲ್ಲಿ ಮರಿಸ್ವಾಮಿ ಮೊದಲು 'ಕಟಾವು ವಿಳಂಬ' ಎಂದು ಬರೆದರು. ಆಮೇಲೆ, ಆರೋಪಿತಳು ಕಾರ್ಖಾನೆಗೆ ಹಲವು ಸಲ ಅಲೆದಳು, ಪಕ್ಕದ ಹೊಲದವನನ್ನು ಒಮ್ಮೆಯೂ ಕೇಳಲಿಲ್ಲ ಎಂದು ಸೇರಿಸಿದರು.

ಅವಳನ್ನು ಹೊಸಪೇಟೆ ಕೋರ್ಟಿಗೆ ಒಯ್ಯುವ ಜೀಪು ಹೊರಡುವಾಗ ಬಿಡುಗಡೆಯಾದ ಜಡೆಪ್ಪ ಠಾಣೆಯ ಕಟ್ಟೆಯಿಂದಿಳಿದು ಬಂದ.

"ಅಕ್ಕಾ, ಎಮ್ಮಿಗೆ ನೀರು ಯಾರು ಇಡ್ತಾರ?"

ಅವಳು ಸೊಂಟದಿಂದ ಮನೆಯ ಕೀಲಿ ಬಿಚ್ಚಿದಳು. ಅವನ ಕಡೆ ಕೈ ಚಾಚಲಾಗದೆ, ಮಹಿಳಾ ಕಾನ್‌ಸ್ಟೇಬಲ್‌ಳ ಅಂಗೈಯಲ್ಲಿಟ್ಟಳು.