ಎರಡರಿಂದ ಎಣಿಸುವ ದನಿ

ಸತ್ತ ನನ್ನ ಅವ್ವ ನಮ್ಮ ಓಣಿಯ ಹನ್ನೊಂದು ಮನೆಗಳಲ್ಲಿ ಒಮ್ಮೆಲೇ ಮಾತಾಡುತ್ತಿದ್ದಳು. ಗಜೇಂದ್ರಗಡದ ನೇಕಾರ ಓಣಿ, ಮಟಮಟ ಮಧ್ಯಾಹ್ನ. ಮಗ್ಗದ ಪಕ್ಕ ಇಟ್ಟ ಫೋನುಗಳಿಂದ ಅವಳದೇ ದನಿ ಎಳೆ ಎಣಿಸುತ್ತಿತ್ತು. ಸೆರಗು ಬಿಗಿಹಿಡಿದು ನಡೆಯುತ್ತಿದ್ದ ನನಗೆ ಮೈಮೇಲೆ ಮುಳ್ಳೇಳುತ್ತಿತ್ತು.

ಎಲ್ಲ ಆ ಈರೇಶನ ಪ್ರತಾಪ. ರೋಣದ ಹುಡುಗ. ಎರಡು ವರ್ಷದ ಹಿಂದೆ ನೇಕಾರರಿಗೆ ಎಳೆ ಎಣಿಸಿಕೊಡುವ ಆ್ಯಪ್ ಮಾಡುತ್ತೇನೆಂದು ಪ್ರತಿ ಗುರುವಾರ ಬಸ್ಸು ಹತ್ತಿ ಬರುತ್ತಿದ್ದ. ಅವ್ವ ಎಳೆ ಎಣಿಸಿ ಹೇಳುವಳು, ಅವನು ರೆಕಾರ್ಡ್ ಮಾಡುವನು. ಕಿವಿ ಅವ್ವನ ಕಡೆ, ಕಣ್ಣು ನನ್ನ ಕಡೆ. ನಾನು ನೋಡಿದೆನೋ, ಥಟ್ಟನೆ ಮಗ್ಗದ ಹಲಗೆ ನೋಡುತ್ತಿದ್ದ. ಹಲಗೆಯಲ್ಲಿ ಅಂಥದ್ದೇನಿತ್ತೋ!

ಆಮೇಲೆ ಅವ್ವ ತೀರಿಕೊಂಡಳು. ಅವನು ಮಣ್ಣಿಗೆ ಬಂದು ಹೋದವನು ಮತ್ತೆ ಬರಲಿಲ್ಲ. ನಾನು ಗುರುವಾರಗಳನ್ನು ಕಾದೆ. ಹೌದು, ಕಾದೆ, ಸುಳ್ಳೇಕೆ ಹೇಳಲಿ.

ಈಗ ಆ ಆ್ಯಪನ್ನು ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿ ಕೊಳ್ಳಲಿತ್ತು. ಮೂರು ತಿಂಗಳಿಂದ ತಾನೇ ನಡೆಸಿ ನೋಡುತ್ತಿತ್ತು. ಕಡೆಯ ಸಹಿ ಬಿದ್ದರೆ ಅವ್ವನ ದನಿ ಪೂರ್ತಿ ಅವರದು. ಈರೇಶ ತನ್ನ ಬಳಿಯ ಮೂಲ ರೆಕಾರ್ಡಿಂಗನ್ನೂ ಅಳಿಸಿಬಿಡಬೇಕು. ಮರುದಿನವೇ ಸಹಿ; ಅಂದು ಬೆಳಿಗ್ಗೆ ನೇಕಾರರ ಸಂಘದಲ್ಲಿ ಚರ್ಚೆ ಇಟ್ಟರು. ಮಾರಾಟದ ಪರ ಈರೇಶ, ವಿರುದ್ಧ ನಾನು.

"ಅವರ ಕೈಯಾಗ ಹೋದ್ರ ನಮ್ಮ ಸೀರಿ ದೇಶದ ತುಂಬ ಹೋಗ್ತಾವ್ರಿ," ಎಂದ. ಹಲಗೆ ಸಿಗದೆ ಈ ಸಲ ಮೈಕನ್ನೇ ನೋಡುತ್ತಿದ್ದ.

"ನರಗುಂದದ ಶಬನಮ ಎಲ್ಲಿ ಹೋದ್ಳ್ರಿ?" ಎಂದೆ. "ಆಕಿನೂ ಇಂಥದ್ದ ಆ್ಯಪ್ ಮಾಡಿದ್ಳು. ಇದ ಕಂಪನಿಗೆ ಮಾರೂದಿಲ್ಲ ಅಂದ್ಳು. ಮರುವಾರದಿಂದ ಅದು ಹುಡುಕಿದ್ರೂ ಫೋನ್‌ನ್ಯಾಗ ಸಿಗವಲ್ದು. ಮಾರಿದವ್ರನ್ನ ನುಂಗತಾರ, ಮಾರದವ್ರನ್ನ ತುಳೀತಾರ."

"ನಾ ಒಬ್ಬಾಂವ ಎಷ್ಟ ದಿನ ನಡಸ್ಲಿರಿ? ನನ್ನ ಹೆಸರ ಹೋದ್ರೂ ಕೆಲಸ ಉಳೀತೈತಿ."

"ಏನ್ ಉಳದೈತಿ, ಕೇಳ್ರಿ ಹಂಗಾರ." ನನ್ನ ಫೋನನ್ನು ಮೈಕಿಗೆ ಹಿಡಿದೆ.

ಅವ್ವನ ದನಿ ಸಭೆಯ ತುಂಬ ಹರಡಿತು. "ಎರಡು, ಮೂರು, ನಾಕು..."

ಈರೇಶನ ಮುಖ ಬಿಳಿಚಿತು.

ಜೋಳ ಅಳೆಯಲಿ, ಎಳೆ ಎಣಿಸಲಿ, ನಮ್ಮವರು ಮೊದಲನೆಯದಕ್ಕೆ 'ಲಾಭ' ಅನ್ನುತ್ತಾರೆ, ಒಂದು ಅನ್ನುವುದಿಲ್ಲ. ಅದು ಎಣಿಕೆಯಲ್ಲವೆಂದು ಕಂಪನಿಯವರು ತೆಗೆದುಹಾಕಿದ್ದರು. ದನಿ ಹೇಳಿದಂತೆ ಸೆರಗಿನ ಎಳೆ ಹಾಕಿದವರಿಗೆಲ್ಲ ಒಂದೊಂದು ಕಡಿಮೆ. ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವಾಗ ಒಡಲಿನದೊಂದು ಎಳೆ ಜೋಡಿಯಿಲ್ಲದೆ ಉಳಿಯುತ್ತಿತ್ತು. ಮೂರು ತಿಂಗಳು ಇಡೀ ಓಣಿ ತನ್ನ ಕೈಯನ್ನೇ ಬೈದುಕೊಂಡಿತು. ನನ್ನ ಅವ್ವ ಅನ್ನಪೂರ್ಣವ್ವನ ಎಣಿಕೆ ತಪ್ಪೀತೆಂದು ಯಾರೂ ಅನ್ನಲಿಲ್ಲ. ಹಿಂದಿನ ದಿನ ಓಣಿಯಲ್ಲಿ ನಡೆಯುತ್ತ ಕೇಳಿದಾಗಲೇ ನನಗೂ ಅದು ಹೊಳೆದದ್ದು.

"ಅಯ್ಯ ಶಿವನ!" ಎಂದು ಮುದುಕ ಪರಶಪ್ಪ ಎದ್ದು ನಿಂತ.

ಅಷ್ಟರಲ್ಲಿ ಫೋನು, ಯಾರೂ ಏನೂ ಕೇಳದಿದ್ದರೂ, ಮತ್ತೆ ಬಾಯಿ ತೆರೆಯಿತು. "ಬ್ಯಾರೆ ಆ್ಯಪ್ ಬ್ಯಾಡವಾ. ಇದೊಂದ ಸಾಕು."

ಅವ್ವ ಜನ್ಮದಲ್ಲಿ ಆಡದ ಮಾತು, ಕಂಪನಿಯೇ ಅವಳ ದನಿಯಿಂದ ಕಟ್ಟಿದ್ದು. ನಾನು ಫೋನನ್ನು ಆರಿಸಿದೆ. ತಲೆ ಎತ್ತಿದರೆ ಈರೇಶನ ಕುರ್ಚಿ ಖಾಲಿ.

ದೀಪ ಹಚ್ಚುವ ಹೊತ್ತಿಗೆ ಅವನು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಹಳೆಯ ರೆಕಾರ್ಡರ್.

"ಸಹಿ ಮಾಡಲಿಲ್ರಿ, ದ್ರಾಕ್ಷಾಯಣಿ."

ಒಳಗೆ ಬರ್ರಿ ಅಂತ ನಾನು ಅನ್ನಲಿಲ್ಲ. ಅವನೇ ಬಂದು ಮಗ್ಗದ ಆಚೆ, ತನ್ನ ಹಳೆಯ ಜಾಗದಲ್ಲಿ ಕೂತು ಗುಂಡಿ ಒತ್ತಿದ. "ಲಾಭ, ಎರಡು, ಮೂರು..." ನನ್ನ ಅವ್ವ. ಖರೇ ಅವ್ವ. ನನಗೆ ಅಳು ತಡೆಯಲಾಗಲಿಲ್ಲ. ಒಂಬತ್ತಕ್ಕೆ ಅವಳು ನಿಂತಳು: "ಈರೇಶಪ್ಪ, ನನ್ನ ಮಗಳನ್ನ ನೋಡೂದು ಬಿಡೋ, ನನ್ನ ಎಣಿಕಿ ತಪ್ಪತೈತಿ. ಕೇಳೂದಿದ್ರ ನಾ ಇರೂದ್ರಾಗ ಕೇಳು."

ಅವನು ರೆಕಾರ್ಡರ್ ಆರಿಸಿ, ಸೆಲ್ಲು ತೆಗೆದು, ಎರಡನ್ನೂ ನನ್ನ ಮಡಿಲಿಗಿಟ್ಟ. "ಧೈರ್ಯ ಆಗ್ಲಿಲ್ರಿ. ಕಂಪನಿ ರೊಕ್ಕಾ ಬಂದ ಮ್ಯಾಲೆ ತಲಿ ಎತ್ತಿ ಕೇಳೂಣಂತಿದ್ದೆ."

"ಅವ್ವನ್ನ ಮಾರಿ ಮಗಳನ್ನ ಕೇಳಾವ್ರಿದ್ರಿ?"

"ತಪ್ಪಾತ್ರಿ."

ಹೊರಗೆ ಓಣಿಯ ದನಿಗಳು ಒಂದೊಂದೇ ಮನೆಯಲ್ಲಿ ನಿಲ್ಲುತ್ತ ಬಂದವು. ಸಹಿ ಬೀಳದ್ದಕ್ಕೆ ಕಂಪನಿ ಆ್ಯಪ್ ಬಂದ್ ಮಾಡಿತ್ತು. ಕೊನೆಗೆ ಪಕ್ಕದ ಬಾನುಬಿಯ ಮನೆಯೂ ಸುಮ್ಮನಾಯಿತು.

"ಈಗರ ಕೇಳ್ರಿ," ಎಂದೆ.

"ನನ್ನ ಲಗ್ನ ಆಗ್ತೀರೇನ್ರಿ?"

ಮಗ್ಗದಲ್ಲಿ ಜೋಡಿಯಿಲ್ಲದೆ ಉಳಿದಿದ್ದ ಎಳೆಯ ತುದಿಯನ್ನು ಅವನ ಕೈಗೆ ಕೊಟ್ಟೆ. ನಾವಿಬ್ಬರೂ ಬಗ್ಗಿ ಕೊಂಡಿಯನ್ನು ಮೊದಲಿನಿಂದ ಕೂಡಿಸತೊಡಗಿದೆವು.

"ಲಾಭ," ಎಂದೆ.

"ಎರಡು."

ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಎರಡು ಅಂದದ್ದು ಅವ್ವನ ದನಿ; ಆಗ ಇಬ್ಬರ ತುಟಿಯೂ ಅಲುಗಿರಲಿಲ್ಲ. ಸೆಲ್ಲು ರೆಕಾರ್ಡರಿನಿಂದ ಹೊರಗೆ, ನನ್ನ ಮಡಿಲಲ್ಲೇ ಇತ್ತು.

ಅವನು ನನ್ನ ಕೈ ಗಟ್ಟಿಯಾಗಿ ಹಿಡಿದ. ಎಣಿಕೆ ತಪ್ಪಬಾರದಲ್ಲ? "ಮೂರು," ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು.