ಬಾಲವಿರುವ ಮಾತುಗಳು

"ಒಲೆ ಹೊರಗೆ ಹೋಯ್ತಾ? ನಡ್ಕೊಂಡು ಹೋಯ್ತೋ, ಕುದುರೆ ಹತ್ಕೊಂಡು ಹೋಯ್ತೋ?"

ಪಾಠ ಹೇಳುವ ಬೆಗಾಯಿಮ್ ಹಾಗೆಂದದ್ದೇ ತಡ, ಇಡೀ ಇಂಗ್ಲಿಷ್ ತರಗತಿ ಗೊಳ್ಳೆಂದು ನಕ್ಕಿತು.

ಎದುರಿಗೆ ನಿಂತವನು ಮಾತ್ರ ನಗಲಿಲ್ಲ. ಕೆಸರು ಮೆತ್ತಿದ ಬೂಟು, ಕೈಯಲ್ಲಿ ಮುದುಡಿದ ಟೋಪಿ, ಮೈಯಿಂದ ಕುದುರೆ ಬೆವರಿನ ವಾಸನೆ... ಹೆಸರು ಕುಬಾತ್. ಕಿರ್ಗಿಜ್ ನಾಡಿನ ಈ ಕರಕೋಲ್ ಊರಿನಿಂದ ಬೆಟ್ಟ ಹತ್ತುವ ವಿದೇಶಿಯರಿಗೆ ಕುದುರೆ ನಡೆಸುವವನು. ಮೊದಲ ದಿನವೇ ತಡವಾಗಿ ಬಂದಿದ್ದ. ಅದಕ್ಕೇ ಬೆಗಾಯಿಮ್ ಅವನನ್ನು ಎಬ್ಬಿಸಿ, "ಒಲೆ ಆರಿಹೋಯಿತು ಅಂತ ಇಂಗ್ಲಿಷ್‌ನಲ್ಲಿ ಹೇಳಿ" ಎಂದಿದ್ದಳು. ಅವನು ಹೇಳಿದ್ದು, "ವೆಂಟ್ ಔಟ್."

"ಅವರು ಹಂಗೇ ಅನ್ನೋದು ಎಜೆ," ಎಂದ ಅವನು ಮೆಲ್ಲಗೆ. ವಯಸ್ಸಿನಲ್ಲಿ ಅವನೇ ದೊಡ್ಡವನು, ಆದರೂ ಕಲಿಸುವವಳು ಎಲ್ಲರಿಗೂ ಅಕ್ಕನೇ. "ಬೆಟ್ಟಕ್ಕೆ ಬರೋರಿಗೆ ದೊಡ್ಡ ಪದ ಬೇಕಾಗಲ್ಲ. ಬಾ, ಹೋಗು, ಇಡು, ಕೊಡು... ಅಷ್ಟೇ. ಅದಕ್ಕೊಂದು ಪುಟ್ಟ ಬಾಲ ಕಟ್ತಾರೆ. 'ಗಿವ್' ಅಂದ್ರೆ ಕೊಡು. 'ಗಿವ್ ಅಪ್' ಅಂದ್ರೆ ಕೈಚೆಲ್ಲಿಬಿಡು. ಬಾಲ ಬದಲಾದ್ರೆ ಪ್ರಾಣೀನೇ ಬದಲು!"

"ಅದು ಕುದುರೆ ಲಾಯದ ಇಂಗ್ಲಿಷ್. ಓದಿದವರು 'ಎಕ್ಸ್‌ಟಿಂಗ್ವಿಶ್' ಅಂತಾರೆ. ಕೂತ್ಕೊಳ್ಳಿ."

ಮತ್ತೆ ನಗು. ಕುಬಾತ್‌ನ ಕಿವಿಗಳು ಕೆಂಪಾದವು. ಹೋಗಿ ಹಿಂದಿನ ಬೆಂಚಿನಲ್ಲಿ ಕೂತ.

ಬೆಗಾಯಿಮ್ ಕೆಟ್ಟವಳೇನಲ್ಲ. ರಾಜಧಾನಿ ಬಿಷ್ಕೆಕ್‌ನಲ್ಲಿ ಓದಿ, ಎಲ್ಲ ವಿಷಯದಲ್ಲೂ ಮೇಲಿನ ಅಂಕ ಪಡೆದವರಿಗೆ ಕೊಡುವ ಕೆಂಪು ಡಿಪ್ಲೊಮಾ ತಂದವಳು. ಅವಳ ಗುರುಗಳು ಕಲಿಸಿದ್ದು ಪುಸ್ತಕದ ಉದ್ದುದ್ದ ಪದಗಳನ್ನು. ಬಾಲದ ಮಾತುಗಳು ಬೀದಿಯವು, ಬೇಡ ಎಂದಿದ್ದರು. ನಿಜ ಹೇಳಬೇಕೆಂದರೆ, ಇಂಗ್ಲಿಷರೊಬ್ಬರ ಜೊತೆ ಅವಳು ಹತ್ತು ನಿಮಿಷ ಮಾತಾಡಿದ್ದೂ ಇಲ್ಲ. ಅದು ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು...

ಇನ್ನು ಇವನು ಬರಲಾರ ಎಂದುಕೊಂಡಳು. ಬಂದ! ಬೂಟು ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚಳಿಗಾಲವೆಲ್ಲ ಒಂದು ತರಗತಿಯನ್ನೂ ತಪ್ಪಿಸದೆ ಬಂದ. ಆದರೆ ಬಾಯಿ ಮಾತ್ರ ಬಿಡಲಿಲ್ಲ. ಬಾಗಿಲು ಸದ್ದಾದಾಗಲೆಲ್ಲ ಬೆಗಾಯಿಮ್‌ಳ ಕಣ್ಣು ತಾನಾಗಿ ಹಿಂದಿನ ಬೆಂಚಿಗೆ ಓಡುತ್ತಿತ್ತು. 'ನನಗೇನಾಗಿದೆ?' ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು.

ಜೂನ್ ತಿಂಗಳಲ್ಲಿ, ಪ್ರವಾಸ ನಡೆಸುವ ಜಕಿಪ್ ಅವಳನ್ನು ಹುಡುಕಿಕೊಂಡು ಬಂದ.

"ಇಂಗ್ಲೆಂಡಿನಿಂದ ಇಬ್ರು ಅಕ್ಕ-ತಂಗಿ ಬಂದಿದಾರೆ, ಎಪ್ಪತ್ತರ ಹತ್ರ ವಯಸ್ಸು. ಬೆಟ್ಟ ದಾಟಿ ಸರೋವರ ನೋಡ್ಬೇಕಂತೆ. ದುಭಾಷಿ ನೀವೇ ಆಗ್ಬೇಕು ಎಜೆ. ಕೆಂಪು ಡಿಪ್ಲೊಮಾ ಇಟ್ಕೊಂಡು ಮನೇಲಿ ಪೂಜೆ ಮಾಡ್ತೀರಾ?"

ಒಪ್ಪಿಕೊಂಡಳು. ಬೆಳಿಗ್ಗೆ ಹೋಗಿ ನೋಡಿದರೆ ಕುದುರೆಗಳ ಲಗಾಮು ಹಿಡಿದು ನಿಂತಿದ್ದವನು ಕುಬಾತ್!

ಎರಡನೆಯ ದಿನ, ಬೆಟ್ಟದ ಕಡೇ ಏರಿನ ಕೆಳಗಿನ ಹುಲ್ಲುಗಾವಲಿನಲ್ಲಿ, ಹಿರಿಯವಳಾದ ಮೌರೀನ್ ಡೇರೆಯಿಂದ ಹೊರಬಂದು ಬೆಗಾಯಿಮ್‌ಳ ತೋಳು ಹಿಡಿದು ಪಿಸುಗುಟ್ಟತೊಡಗಿದಳು. ಒಳಗೆ ಮಲಗಿದ್ದ ತಂಗಿಯ ಕಡೆ ಒಮ್ಮೆ ನೋಡುವುದು, ಬೆಟ್ಟದ ಕಡೆ ಒಮ್ಮೆ ನೋಡುವುದು...

ಬೆಗಾಯಿಮ್ ಕಿವಿಗೊಟ್ಟಳು. ಎಲ್ಲವೂ ಗೊತ್ತಿದ್ದ ಪುಟ್ಟ ಪದಗಳೇ! ಬಾ, ಇಡು, ತಿರುಗು, ಹೋಗು. ಆದರೆ ಒಂದೊಂದರ ಹಿಂದೆಯೂ ಒಂದೊಂದು ಬಾಲ. ಒಂದರ ಅರ್ಥ ಹಿಡಿಯುವಷ್ಟರಲ್ಲಿ ಇನ್ನೊಂದು ನುಣುಚಿಕೊಳ್ಳುತ್ತಿತ್ತು.

'ಇನ್ನೊಮ್ಮೆ ಹೇಳಿ ಅಂತ ಕೇಳಲೇ? ಅದೂ ಇವನ ಎದುರಿಗೆ?'

ಎರಡು ಮಾರು ದೂರದಲ್ಲಿ ಕುಬಾತ್ ಜೀನು ಬಿಗಿಯುತ್ತಿದ್ದ.

"ಯೆಸ್, ಆಫ್ ಕೋರ್ಸ್," ಎಂದು ನಕ್ಕುಬಿಟ್ಟಳು. ಮೌರೀನ್ ನಿಟ್ಟುಸಿರು ಬಿಟ್ಟು ಒಳಗೆ ಹೋದಳು.

"ಏನಂತೆ?" ಕುಬಾತ್ ತಿರುಗಿ ನೋಡದೆ ಕೇಳಿದ.

"ಬೆಟ್ಟ ತುಂಬ ಚೆನ್ನಾಗಿದೆಯಂತೆ. ಹೊರಡೋಣ ಅಂತಿದಾರೆ."

ಅವನ ಕೈ ನಿಂತಿತು. ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ಬಗ್ಗಿ ಬಿಳಿ ಕುದುರೆಯ ಮುಂಗಾಲನ್ನು ಎತ್ತಿ ಮೊಣಕಾಲ ಮೇಲೆ ಇಟ್ಟುಕೊಂಡ. ಚೀಲದಿಂದ ಇಕ್ಕಳ ತೆಗೆದ. ಕರ್ ಎಂದು ಸದ್ದಾಯಿತು.

"ಲಾಳ ಸಡಿಲ ಆಗಿದೆ ಎಜೆ. ಈ ಕುದುರೆ ಮೇಲೆ ಹತ್ತಲ್ಲ. ವಾಪಸ್ ಹೋಗ್ಬೇಕು."

ಅವಳಿಗೆ ರೇಗಿಹೋಯಿತು. "ಲಾಳ ನೋಡ್ದೆ ಹೊರಡಿಸ್ಕೊಂಡು ಬಂದ್ರಾ? ಇದೊಂದು ಕೆಲಸಾನೂ ನೆಟ್ಟಗೆ ಬರಲ್ವಾ ನಿಮಗೆ?"

"ತಪ್ಪಾಯ್ತು," ಎಂದ. ಅಷ್ಟೇ.

ಕೆಳಗಿಳಿದು ಬಂದ ಸಂಜೆ ವೈದ್ಯರು ತಂಗಿಯನ್ನು ಪರೀಕ್ಷಿಸಿ, "ಎತ್ತರದ ಕಾಯಿಲೆ. ಇನ್ನೊಂದು ಸಾವಿರ ಅಡಿ ಹತ್ತಿದ್ದರೆ ಜೀವಕ್ಕೇ ಸಂಚಕಾರ ಇತ್ತು" ಎಂದರು. ಮೌರೀನ್ ಬೆಗಾಯಿಮ್‌ಳ ಎರಡೂ ಕೈಗಳನ್ನು ಹಿಡಿದುಕೊಂಡಳು. ಈ ಸಲ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು.

"ತಂಗಿಗೆ ಆಗ್ತಿಲ್ಲ, ಹಿಂದಿರುಗೋಣ ಅಂತ ನಾನು ಅಂದ ತಕ್ಷಣ ಒಪ್ಪಿದೆಯಲ್ಲ ಮಗಳೇ... ನೀನೇ ವಾಪಸ್ ಹೊರಡಿಸಿದೆ ಅಂತ ನಿನ್ನ ಕುದುರೆಯವನೂ ಹೇಳಿದ."

ನೆಲ ಬಾಯಿಬಿಡಬಾರದೇ ಎನ್ನಿಸಿತು.

ಅವನಿಗೆ ಎಲ್ಲ ಅರ್ಥವಾಗಿತ್ತು! ಅವಳಿಗೆ ಅರ್ಥವಾಗಿಲ್ಲ ಎಂಬುದೂ ಅರ್ಥವಾಗಿತ್ತು. ಲಾಳ ಸಡಿಲವಾಗಿರಲೇ ಇಲ್ಲ, ಅವನೇ ಕಿತ್ತಿದ್ದ. 'ನಾನು ನಾಲ್ಕು ಜನರ ಮುಂದೆ ಅವನ ಮಾನ ಕಳೆದೆ. ಅವನು ನನ್ನ ಮಾನ ಉಳಿಸೋಕೆ ತನ್ನ ಹೆಸರನ್ನೇ ಕೊಟ್ಟ...' ಲಾಳ ನೋಡಿಕೊಳ್ಳಲಾಗದವನು ಎನ್ನಿಸಿಕೊಳ್ಳುವುದು ಕುದುರೆಯವನಿಗೆ ಎಂಥ ಅವಮಾನ ಎಂಬುದನ್ನು ಕಿರ್ಗಿಜ್ ಹೆಣ್ಣಾದ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಊಟ ಸೇರಲಿಲ್ಲ. ಅಳು ಬಂದರೆ ಅಳುವುದಕ್ಕೂ ನಾಚಿಕೆ.

ಭಾನುವಾರ ಬೆಳಗಾಗುತ್ತಲೇ ಅವನನ್ನು ಹುಡುಕಿಕೊಂಡು ದನದ ಸಂತೆಗೆ ಹೋದಳು. ಕುರಿಗಳ ಅರಚಾಟ, ದೂಳು, ಲಾಳ ಕಟ್ಟುವ ಮರದ ಚೌಕಟ್ಟಿನ ಸುತ್ತ ಗಂಡಸರ ಗುಂಪು. ನಡುವೆ ಕುಬಾತ್ ಬಿಳಿ ಕುದುರೆ ಹಿಡಿದು ನಿಂತಿದ್ದ.

"ಮೊಳೆ ಹೊಡೆಯೋಕೆ ಮೊದಲು ಮೇಕೆ ಮೇಲೆ ಅಭ್ಯಾಸ ಮಾಡಪ್ಪಾ!" ಎಂದ ಒಬ್ಬ.

"ಇವನ ತಾತ ಕೇಳಿಸ್ಕೊಂಡ್ರೆ ಗೋರಿಯಿಂದ ಎದ್ದು ಬರ್ತಾನೆ," ಎಂದ ಜಕಿಪ್. "ಈ ಬೇಸಿಗೆ ಪೂರ್ತಿ ನಿನಗೆ ನನ್ನ ಹತ್ರ ಕೆಲಸ ಇಲ್ಲ ತಮ್ಮಾ."

ಬೆಗಾಯಿಮ್ ಗುಂಪಿನ ಅಂಚಿಗೆ ಬಂದು ನಿಂತಳು. ಗುಂಪಿನಲ್ಲಿ ಅವಳ ವಿದ್ಯಾರ್ಥಿಗಳೇ ಐದಾರು ಜನ. ಹೇಳಿದರೆ ಊರಿನಲ್ಲಿ ತಲೆ ಎತ್ತುವುದು ಹೇಗೆ? ಹೇಳದಿದ್ದರೆ... ಇವನ ಮುಖ ನೋಡುವುದು ಹೇಗೆ?

"ಲಾಳ ಗಟ್ಟಿಯಾಗಿತ್ತು!" ಧ್ವನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಎಲ್ಲರೂ ತಿರುಗಿದರು. "ಅವರೇ ಕಿತ್ತಿದ್ದು. ಆ ಅಮ್ಮ ಹೇಳಿದ್ದು ನನಗೆ ಒಂದು ಚೂರೂ ಅರ್ಥ ಆಗ್ಲಿಲ್ಲ. ಆಯ್ತು ಅಂತ ತಲೆ ಆಡಿಸ್ಬಿಟ್ಟೆ. ಇವರಿಗೆ ಅರ್ಥ ಆಯ್ತು. ನನಗೆ ಅವಮಾನ ಆಗ್ಬಾರ್ದು ಅಂತ ಲಾಳದ ಮೇಲೆ ಹಾಕಿದ್ರು. ಚಳಿಗಾಲದಲ್ಲಿ ಇವರ ಇಂಗ್ಲಿಷ್ ನೋಡಿ ನಾನು ನಕ್ಕೆ, ನೀವೂ ನಕ್ರಿ. ಸರಿಯಾಗಿ ಮಾತಾಡಿದ್ದು ಇವರು. ನನಗೇ ಗೊತ್ತಿರ್ಲಿಲ್ಲ."



ಜಕಿಪ್ ಕೆಮ್ಮಿದ. "ಎಜೆ... ಮುಂದಿನ ಗುಂಪಿಗೆ ನೀವು ಬರೋದು ಬೇಡ." ಆಮೇಲೆ ಕುಬಾತ್‌ನ ಹೆಗಲು ತಟ್ಟಿ, "ಮಂಗಳವಾರ ಬೇಗ ಬಾ" ಎಂದು ಹೊರಟುಹೋದ.

ಅವಳು ತಲೆ ತಗ್ಗಿಸಿ ಜನರ ನಡುವೆ ಬಿರಬಿರನೆ ನಡೆದಳು. ಹಿಂದೆಯೇ ಗೊರಸಿನ ಸದ್ದು.

"ಯಾಕೆ ಹೇಳಿದ್ರಿ?" ಕುಬಾತ್ ಏದುಸಿರು ಬಿಡುತ್ತಿದ್ದ. "ಒಂದು ವಾರ ಆಡ್ಕೋತಿದ್ರು, ಮರೀತಿದ್ರು."

"ನಾನು ಮರೀತಿರ್ಲಿಲ್ಲ." ಕಣ್ಣು ತುಂಬಿ ಬಂತು. "ಅಷ್ಟು ಅವಮಾನ ಮಾಡಿದ ಮೇಲೂ ಚಳಿಗಾಲವೆಲ್ಲ ಯಾಕೆ ಬಂದ್ರಿ ನೀವು? ಕಲಿಯೋಕೆ ನನ್ನ ಹತ್ರ ಏನಿತ್ತು?"

ಅವನು ಲಗಾಮನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಮೊದಲನೇ ದಿನ ಬರೆಯೋದು ಕಲಿಯೋಕೆ ಬಂದೆ. ಎರಡನೇ ದಿನ... ಸಿಟ್ಟಿಂದ ಬಂದೆ. ಮೂರನೇ ದಿನ ಹಲಗೆ ಮೇಲೆ ಬರೀತಾ ನೀವು ನಿಮ್ಮಷ್ಟಕ್ಕೇ ಏನೋ ಗುನುಗ್ತಿದ್ರಿ. ಆಮೇಲಿಂದ ಕಾರಣ ಹುಡುಕ್ಲಿಲ್ಲ ನಾನು."

ಅವಳು ಎತ್ತಿದ ಮುಖವನ್ನು ಮತ್ತೆ ತಗ್ಗಿಸಿದಳು. ಕೆನ್ನೆ ಸುಡುತ್ತಿತ್ತು.

"ಬೆಗಾಯಿಮ್," ಎಂದ, 'ಎಜೆ' ಬಿಟ್ಟು ಬರೀ ಹೆಸರು ಹಿಡಿದು. "ನಮ್ಮಮ್ಮನ ಪೆಟ್ಟಿಗೇಲಿ ಒಂದು ಜೊತೆ ಬೆಳ್ಳಿ ಓಲೆ ಇದೆ, ಸೊಸೆಗೆ ಅಂತ ಇಟ್ಟಿರೋದು. ನಿಮ್ಮ ಮನೆಗೆ ತಗೊಂಡು ಬಂದು ನಿಮ್ಮ ಕಿವಿಗೆ ಹಾಕು ಅಂತ ಅಮ್ಮಂಗೆ ಹೇಳ್ಲಾ?"

ಕುದುರೆ ಕಾದು ಬೇಸತ್ತು ತಲೆ ಕೊಡವಿತು.

"ಹೇಳಿ," ಎಂದಳು ಉಸಿರಿನಷ್ಟೇ ಮೆಲ್ಲಗೆ. "ಆದ್ರೆ... ನನಗಿನ್ನೂ ನಾಚಿಕೆ ಹೋಗಿಲ್ಲ."

"ಹೋಗ್ದಿದ್ರೆ ಇರ್ಲಿ ಬಿಡಿ," ಎಂದು ಅವನು ನಕ್ಕ. "ಅದನ್ನೂ ಜೊತೇಲೇ ಕರ್ಕೊಂಡು ಬನ್ನಿ. ನಮ್ಮ ಮನೇಲಿ ಜಾಗ ಇದೆ."